ಐರಿಷ್ ಜನರಿಗೊಂದು ವಂದನಾರ್ಪಣೆ

ರೆಂಟನ್, ಅಮೆರಿಕ
೧೫ ಸೆಪ್ಟೆಂಬರ್ ೨೦೦೨

ಮೈಸೂರಿನ ನಮ್ಮ ಬಡಾವಣೆಯ ಮಹಿಳಾ ಸಮಾಜದ ಘನ ಅಧ್ಯಕ್ಷೆಯವರೂ, ಅದರ ಜೊತೆಗೆ ನನ್ನ ಅತ್ತೆಯವರೂ ಆದ ಶ್ರೀಮತಿ ರಾಧಮ್ಮನವರೇ, ವೇದಿಕೆಯ ಮೇಲಿನ ಗಣ್ಯರೇ, ಜಮಖಾನದ ಮೇಲೆ ಕುಳಿತು ಆಕಳಿಸುತ್ತಿರುವ ಸದಸ್ಯೆಯರೇ,

ನಮಸ್ಕಾರಗಳು. ಮದುವೆಯಾಗಿ ಬಂದಾಗಿನಿಂದ ನಿಮ್ಮ ಸಮಾಜದಲ್ಲಿ ನನಗೆ ಒಪ್ಪಿಸಿದ್ದು ಒಂದೇ ಕೆಲಸ, ವಂದನಾರ್ಪಣೆ. ಸ್ವಾಗತಕ್ಕೆ ಧ್ವನಿ ಸಾಲದು, ಪ್ರಾರ್ಥನೆಗೆ ಶ್ರುತಿ ನಿಲ್ಲದು ಎಂದಿರಿ. ಮೈಕಿನವನಿಂದ ಹಿಡಿದು ಉಪ್ಪಿಟ್ಟಿಗೆ ರವೆ ಕೊಟ್ಟವರವರೆಗೆ ವಂದಿಸಿ ಪಳಗಿದ ನಾಲಿಗೆ ಇದು. ಇವತ್ತು ವಂದಿಸಬೇಕಾದವರು ಐರ್ಲೆಂಡಿನವರು.

ಮುನ್ನೂರು ವರ್ಷದ ಹಿಂದೆ ಯುದ್ಧದಲ್ಲಿ ಸೋತ ಐರಿಷ್ ಸೈನಿಕರು ಹಡಗು ಹತ್ತಿ ಫ್ರಾನ್ಸಿಗೆ ಹೋದರು. ಅವರನ್ನು ಕಾಡುಬಾತುಗಳು ಅಂತ ಕರೆದರು. ಆಮೇಲೆ ವ್ಯಾಪಾರದವರೂ ಹೋಗಿ ಅಲ್ಲಿನ ಬೋರ್ಡೋ ಊರಿನಲ್ಲಿ ದ್ರಾಕ್ಷಿ ತೋಟ ಕೊಂಡರು, ವೈನ್ ಮಾಡಿದರು. ಮುಂದಿನವರು ಆಸ್ಟ್ರೇಲಿಯಾಕ್ಕೂ ಅಮೆರಿಕಕ್ಕೂ ಬಂದರು. ಊರು ಬಿಟ್ಟರು, ಬಳ್ಳಿ ನೆಟ್ಟರು. ತಮಾಷೆ ಏನಂದರೆ, ಅವರ ಊರಿನ ಚಳಿಗೆ ದ್ರಾಕ್ಷಿ ಸರಿಯಾಗಿ ಹಣ್ಣಾಗುವುದೇ ಕಷ್ಟ. ಮನೆಯಲ್ಲಿ ಇಲ್ಲದ ವಿದ್ಯೆಯನ್ನು ಪರದೇಶದಲ್ಲಿ ಕಲಿತು ಅಲ್ಲಿನವರಿಗೇ ಬಡಿಸಿದರು.

ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ಅಧ್ಯಕ್ಷೆಯವರು ಕನ್ನಡಕ ಇಳಿಸಿ ನೋಡುತ್ತಿದ್ದೀರಿ. ಇದನ್ನೇ ಹೇಳುವುದು ನನ್ನ ಕೆಲಸ. ಅಂಗಡಿ ಕೆಲಸ ಅಂದಿದ್ದೆನಲ್ಲ, ಯಾವ ಅಂಗಡಿ ಅಂತ ನೀವು ಕೇಳಿದಾಗಲೆಲ್ಲ ಫೋನಿನ ಲೈನು ಕೆಡುತ್ತಿತ್ತಲ್ಲ, ಅದು ಇಲ್ಲಿಗೆ ಹತ್ತಿರದ ವುಡಿನ್‌ವಿಲ್ ಊರಿನ ಒಂದು ವೈನರಿ, ವೈನ್ ಮಾಡಿ ಮಾರುವ ಜಾಗ. ಬಂದವರಿಗೆ ಒಂದೊಂದು ಗುಟುಕು ಸುರಿಯುವುದು, ಕಥೆ ಹೇಳುವುದು, ಹಿಡಿಸಿದರೆ ಬಾಟಲಿ ಕಟ್ಟಿಕೊಡುವುದು. ಮುಂದಿನ ತಿಂಗಳು ನೀವು ಇಲ್ಲಿಗೆ ಬರುತ್ತೀರಿ. ನಿಮಗೆ ಅನ್ನ ಬಡಿಸುವ ಕೈ ಹಗಲೆಲ್ಲ ಏನು ಬಡಿಸುತ್ತದೆ ಅನ್ನುವುದು ವಿಮಾನ ಹತ್ತುವ ಮೊದಲೇ ತಿಳಿದಿರಲಿ. ನನ್ನ ಅಡುಗೆ ಉಣ್ಣುವುದೋ ಬಿಡುವುದೋ ನೀವೇ ತೀರ್ಮಾನಿಸಿ.

ಯಜಮಾನಿ ಮೋರಾ ಕ್ವಿನ್ಲನ್ ನಿಮ್ಮ ವಯಸ್ಸಿನವರು, ನಿಮ್ಮಷ್ಟೇ ಗದರುವವರು. ಅವರ ಅಜ್ಜ ಐರ್ಲೆಂಡಿನಿಂದ ಬಂದವರು. ಮೊದಲ ದಿನ ಕೈಗೆ ಲೋಟ ಕೊಟ್ಟು ರುಚಿ ಹೇಳು ಅಂದರು. ಎಂಜಲಾಗಬಾರದಲ್ಲ, ನಿಮ್ಮ ಮನೆಯಲ್ಲಿ ರೂಢಿಯಾದ ಹಾಗೆ ಲೋಟ ಮೇಲೆತ್ತಿ, ತುಟಿಗೆ ತಾಗಿಸದೆ ಸುರಿದುಕೊಂಡೆ. ಅರ್ಧ ಮೂಗಿಗೆ ಹೋಯಿತು, ಅರ್ಧ ಅಂಗಿಗೆ ಆಯಿತು. ವೈನನ್ನು ಮೊದಲು ಮೂಗಿನಿಂದ ಸವಿಯಬೇಕು ನಿಜ, ಆದರೆ ಈ ರೀತಿ ಅಲ್ಲ ಅಂದರು ಮೋರಾ, ಒಂಚೂರೂ ನಗದೆ. ಕೆಮ್ಮುತ್ತಲೇ ನೇರಳೆ ಹಣ್ಣಿನ ವಾಸನೆ ಇದೆ ಅಂದೆ. ಅದೇನು ಅಂತ ಕೇಳಿದರು. ಅದರ ಒಗರು, ಶಾಲೆಯ ಹಿಂದಿನ ಮರ, ಕದ್ದು ತಿಂದು ನೀಲಿ ನಾಲಿಗೆಯಿಂದ ಮೇಷ್ಟ್ರಿಗೆ ಸಿಕ್ಕಿಬಿದ್ದದ್ದು, ಎಲ್ಲ ಹೇಳಿದೆ, ಮುರುಕು ಇಂಗ್ಲಿಷಿನಲ್ಲಿ. ಕುಡಿಯೋಕೆ ಬರಲ್ಲ, ಮಾತಾಡೋಕೆ ಬರುತ್ತೆ, ನಾಳೆಯಿಂದ ಬಾ ಅಂದರು. ಕನ್ನಡ ಮೀಡಿಯಮ್ಮಿನ ಬಿ.ಎ.ಗೆ ಈ ದೇಶದಲ್ಲಿ ಬೇರಾರೂ ಕೊಡದ ಕುರ್ಚಿ ಅವರು ಕೊಟ್ಟರು. ಕುರ್ಚಿ ಅಂದದ್ದು ಅಲಂಕಾರಕ್ಕೆ, ದಿನವಿಡೀ ನಿಂತೇ ಇರಬೇಕು.

ರುಚಿ ನೋಡಿದವರು ಉಗುಳುವ ಬಕೆಟ್ಟು ತೊಳೆಯುವ ಸರದಿ ನನಗೂ ಬರುತ್ತದೆ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೇ ದೇವರಿಗೆ ದೀಪ ಹಚ್ಚುತ್ತೇನೆ. ಬೆಲ್ವ್ಯೂನಲ್ಲಿರುವ ನನ್ನ ಗೆಳತಿ ಶಾಲಿನಿ, ಹೀಗೇ ನೆಂದು ಒಣಗಿ ನೆಂದು ಒಣಗಿ ಕೊನೆಗೆ ನೀವೇ ಒಣದ್ರಾಕ್ಷಿ ಆಗ್ತೀರ ಅಕ್ಕ ಅಂತ ಆಡಿಕೊಳ್ಳುತ್ತಾಳೆ.

ವಂದನೆಯ ಸಾಲಿನಲ್ಲಿ ನಿಮ್ಮ ಹೆಸರೂ ಇದೆ. ಮದುವೆಯಾದರೇನು, ಅವಳು ಬಿ.ಎ. ಮುಗಿಸಲಿ ಅಂತ ಮಾವನವರ ಹತ್ತಿರ ಜಗಳ ಕಾದವರು ನೀವು. ನೀವು ಕಾದಾಡಿದಿರಿ, ನಾನು ಪಾಸಾದೆ. ಕೊನೆಯದಾಗಿ, ಶಾಂತಚಿತ್ತರಾಗಿ ಆಲಿಸಿದ ಸಭಿಕರಿಗೆ...

ಸಾಕು ಅತ್ತೆ. ಸಭೆಯೂ ಇಲ್ಲ, ಮೈಕೂ ಇಲ್ಲ. ನಿಮಗೆ ಹೇಳೋಕೆ ನನಗೆ ಭಯ, ಅದಕ್ಕೇ ಈ ನಾಟಕ. ನೀವು ಬೇರೆ ಒಲೆ ಕೇಳಿದರೆ ತಂದಿಡುತ್ತೇನೆ, ಬೇಜಾರು ಮಾಡಿಕೊಳ್ಳಲ್ಲ ಅಂತ ಸುಳ್ಳು ಹೇಳಲಾರೆ. ಕೆಲಸ ಮಾತ್ರ ಬಿಡಲಾರೆ.

ನಿಮ್ಮ ಸೊಸೆ,
ವಸಂತಲಕ್ಷ್ಮಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಬಿಡಲಾರೆ ಅಂದದ್ದು ಹಟಕ್ಕಲ್ಲ. ಹೋದ ದೀಪಾವಳಿಯ ಹೊತ್ತಿಗೆ ನಿಮ್ಮ ಮಗನ ಕಂಪನಿ ಮುಚ್ಚಿತು. ಇನ್ನೂ ಬೇರೆ ಕೆಲಸ ಸಿಕ್ಕಿಲ್ಲ. ಅಮ್ಮನಿಗೆ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಅಲ್ಲಿಂದೀಚೆಗೆ ಮನೆ ನಡೆಯುತ್ತಿರುವುದು ಮೋರಾ ಕೊಡುವ ಸಂಬಳದಲ್ಲಿ. ನೀವು ಬಂದ ಮೇಲೆ, ಅವರಾಗಿ ಬಾಯಿ ಬಿಡುವವರೆಗೆ, ಏನೂ ತಿಳಿಯದವರ ಹಾಗೆ ಇದ್ದುಬಿಡಿ.