ಎಂಜಿನ್‌ನಲ್ಲಿ ಸಿಗದ ದೋಷ

ಡಿಪೋ ಕ್ಯಾಂಟೀನು, ಕಿಟಕಿ ಪಕ್ಕದ ಮೇಜು
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಣ್ಣಾ,

ಕಳೆದ ಸಲ ಸಿಕ್ಕಾಗ ನನ್ನ ಹೊಟ್ಟೆ ತಟ್ಟಿ, ಇದು ಹೊಟ್ಟೆಯಲ್ಲ ಕಣೋ, ಸರ್ವೀಸು ಅಂತ ನೀನು ಅಂದಿದ್ದೆಯೋ, ಸರ್ವೀಸಿಗೆ ಸಿಕ್ಕ ಬಡ್ತಿ ಅಂತ ಅಂದಿದ್ದೆಯೋ, ಸರಿಯಾಗಿ ನೆನಪಾಗುತ್ತಿಲ್ಲ. ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದಂತೂ ನಿಜ, ಹಿಡಿಯಲು ಬೇಕಾದಷ್ಟಿತ್ತು. ಹೇಗಿದ್ದೀಯ? ಲಾರಿಯಿಂದ ಇಳಿದ ಮೇಲೆ ಈಗಲೂ ಬಾಗಿಲು ಹಿಡಿದು ಮಂಡಿ ಸರಿಹೋಗುವವರೆಗೆ ನಿಲ್ಲುತ್ತೀಯಾ? ಅತ್ತಿಗೆಯ ಸಕ್ಕರೆ ಹತೋಟಿಯಲ್ಲಿದೆಯಾ?

ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಇಷ್ಟು ವರ್ಷ ಅಭ್ಯಾಸಬಲದಿಂದ ಬರೆಯುತ್ತಿದ್ದೆ, ಇವತ್ತು ಯೋಚಿಸಿ ಬರೆಯುತ್ತಿದ್ದೇನೆ. ನವೆಂಬರಿನಲ್ಲಿ ಒಂದು ಮಧ್ಯಾಹ್ನ, ಬಸ್ಸು ತುಂಬಾ ಜನ, ಕೆಂಪು ದೀಪಕ್ಕೆ ನಿಲ್ಲಿಸಿದೆ. ದೀಪ ಹಸಿರಾಗಿ ಮತ್ತೆ ಕೆಂಪಾದದ್ದು ನನಗೆ ಗೊತ್ತಾಗಲಿಲ್ಲ. ಹಿಂದಿನ ಗಾಡಿಗಳ ಹಾರ್ನಿಗೆ ಎಚ್ಚರವಾದಾಗ ಕಾಲು ಬ್ರೇಕಿನ ಮೇಲೇ ಇತ್ತು. ಅದು ಪುಣ್ಯವೋ ಅಭ್ಯಾಸವೋ ತಿಳಿಯದು. ಕಂಡಕ್ಟರು ಒಳ್ಳೆಯವನು, ನನ್ನ ಮಾನ ಉಳಿಸಲು "ಗಾಡಿ ಬಂದ್ ಬಿತ್ತು" ಎಂದು ಜನರಿಗೆ ಹೇಳಿದ. ಹೇಳಿದ್ದಕ್ಕೆ ಸಾಕ್ಷಿ ಬೇಕಲ್ಲ, ಸಂಜೆ ರಿಪೇರಿ ಪುಸ್ತಕದಲ್ಲೂ ಹಾಗೇ ಬರೆದುಬಿಟ್ಟ. ನಾನು ಕಣ್ಣು ಮುಚ್ಚಿ ಸಹಿ ಹಾಕಿದೆ.

ಎರಡು ದಿನ ಆ ಬಸ್ಸನ್ನು ವರ್ಕ್‌ಶಾಪಿನಲ್ಲಿ ನಿಲ್ಲಿಸಿದರು. ಡೀಸೆಲ್ ಪೈಪು ಬಿಚ್ಚಿದರು, ಪಂಪು ಇಳಿಸಿದರು. ಹಿರಿಯ ಮೆಕ್ಯಾನಿಕ್ ಅದರ ಕೆಳಗೆ ಬೆನ್ನ ಮೇಲೆ ಮಲಗಿ, ಇಲ್ಲದ ದೋಷವನ್ನು ಹುಡುಕುತ್ತಿದ್ದ. ಮೂರನೆಯ ಬೆಳಿಗ್ಗೆ ಅವನು ಬಸ್ಸಿನಡಿಯಿಂದಲೇ ಹೊಸ ಪಂಪು ಬೇಕೆಂದು ಬರೆಯಿರಿ ಎಂದು ಕೂಗಿದಾಗ ನನ್ನ ಬಾಯಿ ತಾನಾಗಿ ತೆರೆಯಿತು: ಕೆಟ್ಟದ್ದು ಬಸ್ಸಲ್ಲ, ನಾನು. ಅವನು ಹೊರಗೆ ಜಾರಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಯ್ಯೋ ಪುಣ್ಯಾತ್ಮ, ಎರಡು ದಿನದಿಂದ ಇದರ ಹೊಟ್ಟೆ ಬಗೀತಾ ಇದೀನಿ, ನಿನ್ನ ಹೊಟ್ಟೆ ನೋಡಬೇಕಿತ್ತಾ?"

ಕೆಲಸ ಹೋಯಿತೆಂದೇ ಅಂದುಕೊಂಡೆ. ಇಪ್ಪತ್ತೆರಡು ವರ್ಷ ಸೀಟಿನಲ್ಲಿ ಕೂತವನಿಗೆ ಬೇರೆ ಏನು ಬರುತ್ತದೆ? ಡಿಪೋದವರು ಕಳಿಸಿದ ಡಾಕ್ಟರು ಬೈಯಲಿಲ್ಲ. ತೂಕ ಕುತ್ತಿಗೆಯಲ್ಲೂ ಇರುತ್ತದಂತೆ. ಮಲಗಿದಾಗ ಉಸಿರಿನ ದಾರಿ ಒತ್ತುತ್ತದಂತೆ. ರಾತ್ರಿಯೆಲ್ಲ ಮಲಗಿಯೂ ನಾನು ನಿದ್ದೆ ಮಾಡುತ್ತಿರಲಿಲ್ಲವಂತೆ. ಮೂಗಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಮೂರು ತಿಂಗಳು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. ಎಂಟು ನಿಮಿಷದಲ್ಲಿ ನುಂಗುತ್ತಿದ್ದ ಊಟವನ್ನು ಅಲ್ಲಿ ಅಗಿದು ತಿನ್ನಲು ಕಲಿತೆ. ಹನ್ನೊಂದು ಕಿಲೋ ಇಳಿದಿದೆ, ಇನ್ನೂ ಬೇಕಾದಷ್ಟಿದೆ. ನನ್ನ ಹೆಂಡತಿ ಹೇಳುತ್ತಾಳೆ, ಇಷ್ಟು ವರ್ಷ ಗೊರಕೆಗೆ ನಿದ್ದೆಗೆಟ್ಟೆ, ಈಗ ಸದ್ದೇ ಇಲ್ಲವಲ್ಲ ಅಂತ ಹೆದರಿ ಏಳುತ್ತೇನೆ ಎಂದು. ನಿನ್ನೆ ಅದೇ ಬಸ್ಸು ಕೊಟ್ಟರು. ಇಡೀ ದಿನ ಓಡಿಸಿದೆ. ಪ್ರತಿ ನಿಲ್ದಾಣವೂ ನೆನಪಿದೆ. ಅಷ್ಟೇ ಸುದ್ದಿ, ಆದರೆ ನನಗೆ ಸಾಕಾಗಿದೆ.

ಅತ್ತಿಗೆಗೆ ನಮಸ್ಕಾರ ಮುಟ್ಟಿಸು. ಮಗಳಿಗೆ ಚಿಕ್ಕಪ್ಪನ ಆಶೀರ್ವಾದ, ನಕ್ಕರೂ ತಗೊಳ್ಳಲಿ.

ನಿನ್ನ ತಮ್ಮ,
ಗುಂಡ

ತಾ.ಕ.: ಪಾಳಿಗೆ ಹೊತ್ತಾಯಿತು, ಬರೆಯಲು ಕೂತದ್ದೇ ಇದಕ್ಕೆ. ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿದೆಯಾ ಎಂದು ಡಾಕ್ಟರು ಕೇಳಿದಾಗ ನಿನ್ನ ಹೆಸರು ಹೇಳಿದೆ. ನಿನ್ನ ಮೈಕಟ್ಟು ನನ್ನದೇ, ಗೊರಕೆಯೂ ನನ್ನದೇ, ಲಾರಿಯಲ್ಲಿ ನೀನೊಬ್ಬನೇ. ಅತ್ತಿಗೆಗೆ ಹೇಳುವುದಿಲ್ಲ. ಓಡಿಸುತ್ತಿರುವಾಗಲೇ ನಿನಗೆ ಹೀಗೆ ಎಷ್ಟು ಸಲ ಆಗಿದೆ, ಅಣ್ಣಾ?