ನನ್ನ ಮಾತು ಕೇಳಿದ್ದಕ್ಕೆ ಒಂದು ಗಂಟೆ

ಪಣಕಹಳ್ಳಿ
೨೪ ನವೆಂಬರ್ ೨೦೨೪

ಪ್ರಿಯ ಗೆಳೆಯ ವೃಷಭೇಂದ್ರನಿಗೆ,

ನಂಜುಂಡಸ್ವಾಮಿಯ ಶರಣು. ದೀಪಾವಳಿಗೆ ನೀನು ಬರೆದ ಕಾಗದ ಆಗಲೇ ಕೈಸೇರಿತ್ತು. ಉತ್ತರ ಬರಲಿಲ್ಲವೆಂದು ನಂಜನಗೂಡಿನಲ್ಲಿ ಕೂತು ನನ್ನನ್ನು ಬೈದಿರುತ್ತೀಯ. ಬೈದದ್ದು ಸರಿ, ಆದರೆ ಈ ಸಲ ಸೋಮಾರಿತನದಿಂದ ತಡವಾದದ್ದಲ್ಲ. ನಮ್ಮ ಚನ್ನಮಲ್ಲಮ್ಮನಿಗೆ ಆಪರೇಷನ್ ಆಯಿತು ಕಣಯ್ಯಾ. ಗರ್ಭಕೋಶ ತೆಗೆದಿದ್ದಾರೆ. ಈಗ ಮನೆಗೆ ಬಂದಿದ್ದಾಳೆ, ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀನು ಗಾಬರಿಯಾಗಬೇಡ. ಗಾಬರಿಯಾಗಿರುವವನು ನಾನು. ಏಕೆಂದರೆ ಈ ಆಪರೇಷನ್ ವಿಷಯ ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಅವಳ ಗಂಡನೊಬ್ಬನೇ. ನನ್ನಿಂದ ಯಾಕೆ ಮುಚ್ಚಿಟ್ಟಳು ಅನ್ನುವುದು ಇನ್ನೂ ನನ್ನ ತಲೆಗೆ ಹತ್ತುತ್ತಿಲ್ಲ. ನಿನಗೆ ಬರೆಯುತ್ತಾ ಹೋದರೆ ಹತ್ತೀತೇನೋ ನೋಡೋಣ.

ಮೊದಲು ನಮ್ಮೂರಿನ ಗಂಟೆ ಸಂಘದ ವಿಷಯ ಹೇಳಬೇಕು. ಕೆಳಗಿನ ಬೀದಿಯ ಸೊಸೆ ಸುನೀತ ಹೋದ ವರ್ಷ ಇದನ್ನು ಶುರು ಮಾಡಿದಳು. ನೀನು ಯಾರಿಗಾದರೂ ಒಂದು ಗಂಟೆ ಕೆಲಸ ಮಾಡಿಕೊಟ್ಟರೆ ನಿನ್ನ ಹೆಸರಿಗೆ ಒಂದು ಗಂಟೆ ಸೇರುತ್ತದೆ. ಬೇಕಾದಾಗ ಆ ಗಂಟೆಯನ್ನು ಸಂಘದ ಯಾರಿಂದಲಾದರೂ, ಯಾವ ಕೆಲಸಕ್ಕಾದರೂ ಕೇಳಿ ಪಡೆಯಬಹುದು. ಕಾಸಿನ ಮಾತೇ ಇಲ್ಲ. ಕೆಲಸ ಮಾಡಿಸಿಕೊಂಡವರು ಫೋನಿನ ಗುಂಪಿನಲ್ಲಿ ಬಾಯಿಬಿಟ್ಟು ಹೇಳಬೇಕು, ಇಂಥವರು ನನಗೆ ಇಂಥ ಕೆಲಸ ಮಾಡಿದರು, ಇಷ್ಟು ಹೊತ್ತು ಎಂದು. ಎಲ್ಲರ ಕಿವಿಗೂ ಬಿದ್ದ ಮೇಲೆ ಇಲ್ಲ ಅನ್ನುವವರು ಯಾರು?

ನಾನು ನಕ್ಕಿದ್ದೆ. ನಮ್ಮಪ್ಪನ ಕಾಲದ ಮುಯ್ಯಾಳಿಗೆ ಒಂದು ಫೋನು ತಗುಲಿಹಾಕಿದ್ದೀರಿ ಅಷ್ಟೆ ಎಂದು ಸುನೀತಳ ಮುಖಕ್ಕೇ ಹೇಳಿದ್ದೆ. ಮುಯ್ಯಾಳು ನಿನಗೆ ನೆನಪಿರಬೇಕು. ಇವತ್ತು ನಿಮ್ಮ ರಾಗಿ ಕೊಯ್ಲಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಅಲ್ಲಿ ಕುಡುಗೋಲಿಗೆ ಕುಡುಗೋಲೇ ಬರಬೇಕು. ಇಲ್ಲಿ ಹಾಗಲ್ಲವಂತೆ. ತಾಳವಾಡಿಯಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟಿರುವ ಮುರುಗೇಶ ನಮ್ಮೂರ ಹೆಂಗಸರಿಗೆ ಸ್ಕೂಟರ್ ಓಡಿಸಲು ಕಲಿಸಿದ. ಅವನ ಗಂಟೆಗೂ, ನಮ್ಮ ಪಕ್ಕದ ಹೊಲದ ಜವರ ಬೇಲಿ ಕಟ್ಟಿದ ಗಂಟೆಗೂ, ಯಾರೋ ಮಗು ಆಡಿಸಿದ ಗಂಟೆಗೂ ಒಂದೇ ತೂಕ. ಇದು ಮೂರು ತಿಂಗಳು ನಡೆದರೆ ನನ್ನ ಮೀಸೆ ಬೋಳಿಸುತ್ತೇನೆ ಅಂದಿದ್ದೆ. ನಡೆಯಿತು. ಮೀಸೆಯನ್ನು ಯಾರೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

ನಮ್ಮವಳು ಮೊದಲ ವಾರವೇ ಸೇರಿಬಿಟ್ಟಳು. ಅವಳಿಗೇನು ಬರುತ್ತದೆ ಎಂದು ನಾನು ಕೇಳಿದ್ದೆ, ತಮಾಷೆಗೆ. ಆಮೇಲೆ ನೋಡಿದರೆ ಹಸುಗೂಸಿಗೆ ನೀರು ಹಾಕಲು ಅವಳೇ ಬೇಕು, ಬಾಣಂತಿಗೆ ಖಾರದ ಸಾರು ಕಾಯಿಸಲು ಅವಳೇ ಬೇಕು. ಬೆಳಿಗ್ಗೆ ನನಗೆ ತಿಂಡಿ ಇಟ್ಟು ಹೊರಟರೆ ಮಧ್ಯಾಹ್ನದ ಅಡಿಗೆ ಹೊತ್ತಿಗೆ ಬರುವಳು, ಸಂಜೆ ಮತ್ತೆ ಇನ್ನೊಂದು ಮನೆ. ಊರಿಗೆಲ್ಲ ದುಡಿದು ಗಂಟೆ ಗುಡ್ಡೆ ಹಾಕಿಕೊಂಡು ನೆಟ್ಟಗೆ ಕೈಲಾಸಕ್ಕೆ ಹೋಗುತ್ತೀಯೇನೇ ಎಂದು ಛೇಡಿಸುತ್ತಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಒಂದು ವಿಷಯ ಮಾತ್ರ ನನಗೂ ವಿಚಿತ್ರ ಅನ್ನಿಸಿತ್ತು. ಅವಳು ಯಾರಿಂದಲೂ ಏನನ್ನೂ ಕೇಳುತ್ತಿರಲಿಲ್ಲ. ಬರೀ ಕೊಡುವವರೇ ಆದರೆ ಸಂಘ ನಿಲ್ಲುವುದಿಲ್ಲ, ನೀವೂ ಏನಾದರೂ ಕೇಳಬೇಕು ದೊಡ್ಡಮ್ಮ ಎಂದು ಸುನೀತ ನಮ್ಮ ಜಗಲಿಯಲ್ಲೇ ಗದರಿಸಿ ಹೋಗಿದ್ದಳು. ಕೇಳುತ್ತೇನೆ, ಹೊತ್ತು ಬರಲಿ ಎಂದಳು ಇವಳು.

ಈ ಕಾರ್ತಿಕದಲ್ಲಿ ಒಂದು ದಿನ, ಮಾದಪ್ಪನ ಬೆಟ್ಟಕ್ಕೆ ಹೋಗಿ ಹಾಗೇ ಕೊಳ್ಳೇಗಾಲದ ತಂಗಿ ಮನೆಯಲ್ಲಿ ಒಂದು ವಾರ ಇದ್ದು ಬರುತ್ತೇನೆ ಅಂದಳು. ರಾಗಿ ಕೊಯ್ಲು ತಲೆಯ ಮೇಲಿದೆ, ಹಸು ಕರೆಯುವವರಾರು, ನನಗೆ ಅನ್ನ ಬೇಯಿಸುವವರಾರು ಎಂದು ನಾನು ರೇಗಿದೆ. ಎಲ್ಲ ಏರ್ಪಾಡಾಗಿದೆ ಎಂದಷ್ಟೇ ಹೇಳಿ, ಒಂದು ಚೀಲ ಹಿಡಿದು ಬಸ್ಸು ಹತ್ತಿದಳು.

ಮಾರನೆಯ ಬೆಳಿಗ್ಗೆ ಏಳುವಷ್ಟರಲ್ಲಿ ಎದುರು ಮನೆಯ ವಸಂತಮ್ಮ ಹಸು ಕರೆದು ಹಾಲು ಕಾಯಿಸಿದ್ದಳು. ಅವಳ ಹಿಂದೆ ಇನ್ನೊಬ್ಬಳು ಬಂದು ರೊಟ್ಟಿ ತಟ್ಟಿದಳು. ಕಾಫಿ ಹೊತ್ತಿಗೆ ಜವರ ಬಂದು ಜಗಲಿಯಲ್ಲಿ ಕೂತ. ನನ್ನ ರಕ್ತದೊತ್ತಡದ ಮಾತ್ರೆಯನ್ನು ಅವನೇ ಎತ್ತಿ ಕೈಗೆ ಕೊಟ್ಟ, ನೀರೂ ಕೊಟ್ಟ. ಆಮೇಲೆ ನಾನು ಪೇಪರ್ ಓದುತ್ತಾ ಈ ಸರ್ಕಾರ, ಆ ಸರ್ಕಾರ, ಕೋಸಿನ ರೇಟು, ಕಾಡುಹಂದಿ ಎಂದು ದಿನವೂ ಹೇಳುವುದನ್ನೆಲ್ಲ ಹೇಳಿದೆ. ಎದ್ದು ಹೋಗದೆ ಕೂತು ಕೇಳಿದ. ಹೊಲದಲ್ಲಿ ಏಳೆಂಟು ಜನ ಕೊಯ್ಲಿಗೆ ಇಳಿದಿದ್ದರು. ನನಗೆ ಹೇಗಾಯಿತು ಗೊತ್ತಾ? ನಮ್ಮಪ್ಪ ಯಜಮಾನಿಕೆ ಮಾಡಿದ ಮನೆ ಇದು, ಹೆಂಗಸಿಲ್ಲದೆ ಮನೆಯ ಯಜಮಾನ ಕಷ್ಟಪಡಬಾರದು ಎಂದು ಊರು ಮರ್ಯಾದೆ ತೋರಿಸುತ್ತಿದೆ ಅಂದುಕೊಂಡೆ. ಎದೆಯುಬ್ಬಿಸಿಕೊಂಡು ಓಡಾಡಿದೆ. ಒಬ್ಬಿಬ್ಬರಿಗೆ ಕೆಲಸದಲ್ಲಿ ತಪ್ಪನ್ನೂ ಎತ್ತಿ ತೋರಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದರು.

ಅದೇ ವಾರದ ಗುರುವಾರ ತಾಳವಾಡಿಗೆ ಹೋಗಿದ್ದೆ. ಮುರುಗೇಶನ ಅಂಗಡಿ ಮುಂದೆ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಒಳಗೆ ಅವನ ಫೋನು ಮಾತಾಡಿತು. ನಮ್ಮವಳ ದನಿ. ಆದರೆ ಬಾವಿಯೊಳಗಿನಿಂದ ಬಂದ ಹಾಗೆ ಕ್ಷೀಣವಾಗಿತ್ತು.

"ವಸಂತಮ್ಮ ಅಸ ಕರ್ದವ್ಳೆ, ಒಂದು ಗಂಟೆ. ಜವರಣ್ಣ ನಮ್ಮನೇವ್ರ ಮಾತು ಕೇಳವ್ನೆ, ಒಂದು ಗಂಟೆ. ಆಪರೇಸನ್ ಗಾಯ ಇನ್ನ ನೋಯ್ತಾ ಅದೆ. ಇಲ್ಲಿ ಆಸ್ಪತ್ರೇಲಿ ನನ್ನ ನೋಡ್ಕಂಡ ಗಂಟೆಗೋಳ್ನ ನಾಳೆ ಸೇರುಸ್ತೀನಿ."

ನಾನು ಎದ್ದು ನಿಂತೆ. ಅಂಗಡಿಯೊಳಗೆ ಹೋದೆ. ಮುರುಗೇಶ ನನ್ನನ್ನು ನೋಡಿ ಬಿಳಿಚಿಕೊಂಡ, ಕೈಯ ಗ್ರೀಸು ಒರೆಸಿಕೊಳ್ಳುವುದನ್ನೇ ಮರೆತ. ಕೇಳಿದ್ದಕ್ಕೆ ತಡವರಿಸುತ್ತಾ ಎಲ್ಲ ಹೇಳಿದ. ಒಂದು ವರ್ಷದಿಂದ ಅವಳಿಗೆ ರಕ್ತ ಹೋಗುತ್ತಿತ್ತಂತೆ. ಆಪರೇಷನ್ ಮಾಡಲೇಬೇಕು, ಮಾಡಿದ ಮೇಲೆ ಮೂರು ತಿಂಗಳು ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಅಷ್ಟು ದಿನ ಮನೆ ನಡೆಯಲು ಬೇಕಾದ ಗಂಟೆಗಳು ಸೇರುವ ತನಕ ಇವಳು ಆಸ್ಪತ್ರೆಗೆ ಸೇರಿರಲಿಲ್ಲ. ರಕ್ತ ಹೋಗುತ್ತಿದ್ದ ಮೈಯಲ್ಲೇ ಊರವರ ಕೂಸುಗಳಿಗೆ ನೀರು ಹಾಕಿದ್ದಾಳೆ. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಇದ್ದವನು ನಾನು.

ಊರಿನ ಬಸ್ಸು ಬಿಟ್ಟು, ದಿಂಬಂ ಘಾಟಿ ಇಳಿದು ಅವಳಿದ್ದ ಸತ್ಯಮಂಗಲಕ್ಕೆ ಹೋಗುವ ಬಸ್ಸು ಹತ್ತಿದೆ. ಸತ್ಯಮಂಗಲದಲ್ಲಿ ಆಸ್ಪತ್ರೆ ಹುಡುಕಿಕೊಂಡು ಹೋದರೆ ಬಾಗಿಲಲ್ಲಿ ನರ್ಸು ತಡೆದು, ನೀಂಗ ಯಾರು ಎಂದು ತಮಿಳಲ್ಲಿ ಕೇಳಿದಳು. ಗಂಡ ಅಂದೆ. ಆ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಡ ಊರಲ್ಲಿಲ್ಲ, ದೂರದಲ್ಲಿದ್ದಾರೆ ಎಂದು ಅಮ್ಮನೇ ಹೇಳಿದರಲ್ಲ ಅಂದಳು. ಒಪ್ಪಿಗೆಯ ಸಹಿಯನ್ನು ಸುನೀತ ಹಾಕಿದ್ದಳು.

ಸುನೀತ ಹಾಸಿಗೆ ಪಕ್ಕದಲ್ಲೇ ಇದ್ದಳು, ಗಂಜಿ ಕುಡಿಸುತ್ತಿದ್ದಳು. ನನ್ನ ಕೋಪವೆಲ್ಲ ಅವಳ ಮೇಲೆ ಹೋಯಿತು. ಯಾರನ್ನು ಕೇಳಿ ಸಹಿ ಹಾಕಿದೆ, ಏನಾದರೂ ಆಗಿದ್ದರೆ ಗತಿಯೇನು, ನಾನು ಸತ್ತು ಹೋಗಿದ್ದೆನೇ ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ಅವಳು ಲೋಟ ಕೆಳಗಿಟ್ಟಳು.

"ಅವ್ರೇ ಯೋಳ್ಬ್ಯಾಡಿ ಅಂದ್ರು ದೊಡ್ಡಪ್ಪ. ಬಾಣಂತಿ ಮಗ್ಳಿಗೂ ಯೋಳ್ಬ್ಯಾಡಿ, ನಿಮ್ಗೂ ಯೋಳ್ಬ್ಯಾಡಿ ಅಂದ್ರು. ಅವ್ರು ಕೇಳುದ್ದ ನಾವು ಮಾಡ್ದೊ."

ಗಂಡನ ಮನೆಯಲ್ಲಿರುವ ನಮ್ಮ ಮಗಳಿಗೆ ಹಾಲುಗಲ್ಲದ ಕೂಸಿದೆ, ಅವಳಿಗೆ ಹೇಳದಿದ್ದುದು ನನಗೆ ಅರ್ಥವಾಯಿತು. ಚನ್ನಮಲ್ಲಮ್ಮ ನನ್ನ ಕಡೆ ತಿರುಗಿ ಕೇಳಿದ ಮೊದಲ ಮಾತು, ಮಾತ್ರೆ ತಗೊಂಡ್ರಾ ಅಂತ. ನನಗೆ ಅಳು ಬಂತು ಕಣಯ್ಯಾ, ನಾಚಿಕೆ ಬಿಟ್ಟು ಹೇಳುತ್ತೇನೆ. ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಮುಂದಿನ ವಾರ ಮುರುಗೇಶ ಬಾಡಿಗೆ ಇಲ್ಲದೆ ವ್ಯಾನು ತಂದು ಅವಳನ್ನು ಊರಿಗೆ ಕರೆತಂದ. ಅದಕ್ಕೂ ಅವಳ ಹೆಸರಿನಿಂದ ಗಂಟೆ ಹೋಯಿತು. ಜನ ಈಗಲೂ ಸರದಿಯ ಮೇಲೆ ಬರುತ್ತಿದ್ದಾರೆ. ಇನ್ನು ಯಾರಿಗೂ ತಪ್ಪು ಎತ್ತಿ ತೋರಿಸುತ್ತಿಲ್ಲ. ಅವಳೊಬ್ಬಳು ಮಾಡುತ್ತಿದ್ದ ಕೆಲಸಕ್ಕೆ ಇಷ್ಟು ಜನ ಬೇಕಾಗಿದೆ, ಆದರೂ ಸಂಜೆ ಹೊತ್ತಿಗೆ ಏನಾದರೊಂದು ಉಳಿದಿರುತ್ತದೆ. ಜವರ ಮಾತ್ರ ಕಾಫಿ ಹೊತ್ತಿಗೆ ಬಂದರೆ ನನಗೆ ಮಾತಾಡಲು ಬಾಯಿ ಬರುವುದಿಲ್ಲ. ನನ್ನ ಮಾತು ಕೇಳುವುದು ಬೇಲಿ ಕಟ್ಟುವಂಥದೇ ಒಂದು ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ನಿನ್ನೆ ಇಬ್ಬರೂ ಸುಮ್ಮನೆ ಕೂತು ಕಾಫಿ ಕುಡಿದೆವು.

ಸುನೀತಳ ಹತ್ತಿರ ಹೋಗಿ ನನ್ನನ್ನೂ ಸಂಘಕ್ಕೆ ಸೇರಿಸಿಕೋ ಅಂದೆ. ನಿಮಗೇನು ಕೆಲಸ ಬರುತ್ತೆ ದೊಡ್ಡಪ್ಪ ಎಂದು ಕೇಳಿದಳು. ಗೇಲಿ ಮಾಡಲಿಲ್ಲ, ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದಳು. ಯೋಚಿಸಿ ಹೇಳುತ್ತೇನೆ ಎಂದು ಬಂದಿದ್ದೇನೆ.

ನಿನ್ನ ಮಂಡಿ ನೋವು ಈಗ ಹೇಗಿದೆ? ಮೊಮ್ಮಗಳು ಸ್ಕೂಲಿಗೆ ಸೇರಿದಳೆಂದು ಬರೆದಿದ್ದೀಯ, ಓದಿ ಸಂತೋಷವಾಯಿತು. ಆ ಕೂಸಿಗೆ ಮಾದಪ್ಪ ಆಯಸ್ಸು, ವಿದ್ಯೆ ಎಲ್ಲ ಕೊಡಲಿ. ನಿನ್ನ ಸೊಸೆಗೆ ನನ್ನ ಆಶೀರ್ವಾದ ತಿಳಿಸು. ಅವಳ ಮೈಗೆ ಹೇಗಿದೆ ಎಂದು ನೀನಾಗಿಯೇ ಒಂದು ಸಲ ಕೇಳು.

ಇತಿ ನಿನ್ನ,
ನಂಜುಂಡಸ್ವಾಮಿ

ತಾ.ಕ.: ಕವರಿಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಅವಳು ಯಾಕೆ ಮುಚ್ಚಿಟ್ಟಳೋ ತಿಳಿಯದು ಎಂದು ಮೊದಲಲ್ಲೇ ಬರೆದೆನಲ್ಲ, ಅದು ಸುಳ್ಳು. ನಿನ್ನೆ ಮಧ್ಯಾಹ್ನ ಅವಳನ್ನೇ ಕೇಳಿದ್ದೇನೆ. ಊರಿನವರನ್ನೆಲ್ಲ ಕೇಳಿದೆಯಲ್ಲ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ, ನಾನು ಬರುತ್ತಿರಲಿಲ್ಲವೇ ಅಂದೆ. ಅವಳಿಗೆ ಕೋಪವೇನೂ ಇರಲಿಲ್ಲ. ಡಬ್ಬಿಯಲ್ಲಿ ಉಪ್ಪು ತೀರಿದೆ ಅನ್ನುವಷ್ಟೇ ಸಲೀಸಾಗಿ ಹೇಳಿದಳು:

"ಊರ್ನೋರ್ಗೆ ಒಂದು ಗಂಟೆ ಮಾಡುದ್ರೆ ಒಂದು ಗಂಟೆ ನಂದು ಅಂತ ಇರ್ತದೆ, ಧೈರ್ಯವಾಗಿ ಕೇಳ್ಬೋದು. ಈ ಮನೇಲಿ ನಲವತ್ತು ವರ್ಸ ಮಾಡುದ್ದು ಯಾವ್ದೂ ನಂದು ಅಂತ ಆಗ್ನಿಲ್ಲ. ನಿಮ್ತಾವು ಏನ ಇಟ್ಕಂಡು ಕೇಳ್ಳಿ ಕಣಿ?"