ಎಷ್ಟು ಕೆ.ಜಿ. ಮಗಳು ಬೇಕು, ಅಪ್ಪಾಜಿ?

(ಕ್ಯಾಸೆಟ್ಟಿನ ಮೇಲೆ ಅಂಟಿಸಿದ ಚೀಟಿ: ಮಂಜುಳಾಗೆ. ಅರಸೀಕೆರೆ, ಭಾನುವಾರ, 11-2-2001. ಎ ಸೈಡ್ ಮೊದಲು ಕೇಳು.)

…ಇಲ್ಲ, ಇದನ್ನೂ ಅಳಿಸಿ ಮತ್ತೆ ಮೊದಲಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇದು ನಾಲ್ಕನೇ ಸಲ.

ಪ್ರೀತಿಯ ಮಂಜು, ನಿನ್ನ ಅಪ್ಪಾಜಿ ಮಾತಾಡುತ್ತಿದ್ದೇನೆ. ಕಾಗದ ಬರೆಯೋಣ ಅಂತಲೇ ಕೂತಿದ್ದೆ. ಆದರೆ ಇಪ್ಪತ್ತೈದು ವರ್ಷ ಲಾರಿ ಆಫೀಸಿನಲ್ಲಿ ಪಾರ್ಸೆಲ್ ಚೀಟಿ ಬರೆದ ಕೈ ಇದು. ಪೆನ್ನು ಹಿಡಿದರೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರುವಾಗುತ್ತದೆ. ಮಗಳಿಗೆ ಹಾಗೆ ಬರೆಯುವುದಕ್ಕಾಗುತ್ತದಾ? ಅದಕ್ಕೇ ನಿನ್ನ ಟೇಪ್ ರೆಕಾರ್ಡರ್ ತಂದು ಆಫೀಸಿನ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಭಾನುವಾರ, ಲೋಡ್ ಇಲ್ಲ. ಹೊರಗೆ ಹಮಾಲಿ ಕೆಂಚಯ್ಯ ಒಬ್ಬನೇ ಗೋಣಿಚೀಲದ ಮೇಲೆ ಕೂತು ಬೀಡಿ ಸೇದುತ್ತಿದ್ದಾನೆ. ಕ್ಯಾಸೆಟ್ಟು ನಿನ್ನ ಇಂಗ್ಲಿಷ್ ಕಲಿಯುವುದೇ. ತೂತು ತೆರೆದಿದ್ದರೆ ಅದರ ಮೇಲೆ ಏನೂ ರೆಕಾರ್ಡ್ ಆಗುವುದಿಲ್ಲ, ಅದಕ್ಕೇ ಮೇಲಂಚಿನ ಎರಡೂ ತೂತಿಗೆ ಕಾಗದದ ಉಂಡೆ ತುರುಕಿದ್ದೇನೆ. ನನ್ನ ಮಾತು ಮುಗಿದ ಮೇಲೆ ಯಾರೋ ‘ಹೌ ಆರ್ ಯೂ’ ಅಂದರೆ ಗಾಬರಿಯಾಗಬೇಡ.

ನಿನ್ನ ಸೋದರತ್ತೆ ಗಿಡ್ಡಮ್ಮ ಬೆಳಿಗ್ಗೆ ಮಾದಿಹಳ್ಳಿಯ ಬೂತಿನಿಂದ ಫೋನ್ ಮಾಡಿದ್ದಳು. ಗುರುವಾರ ನಲ್ಲಿಯ ಹತ್ತಿರ ಕೊಡ ಎತ್ತುವಾಗ ನೀನು ತಲೆ ತಿರುಗಿ ಬಿದ್ದೆಯಂತೆ. “ಅಣ್ಣಯ್ಯ, ಎತ್ಕೊಂಡ್ರೆ ಕೂಸು ಎತ್ಕೊಂಡಂಗಾಯ್ತು ಕಣೋ, ಇಪ್ಪತ್ತು ವರ್ಷದ ಹುಡುಗಿ!” ಅಂತ ಅತ್ತಳು. ಆಮೇಲೆ ಅಂದಳು, “ನಾಳೀಕೆ ಹಾಸನದ ಡಾಕ್ಟ್ರ ತಾವ ಬತ್ತೀನಿ ಅಂತವ್ಳೆ. ಆದ್ರೆ ಒಂದ್ ಮಾತು ಕೇಳ್ತಾವ್ಳೆ. ಆ ನಾಕು ತಿಂಗ್ಳ ಮಾತು ಮೊದ್ಲು ಯಾರ ಬಾಯಿಂದ ಬಂತು? ದಿಟ ಹೇಳಿದ್ರೇನೇ ಬರೋದಂತೆ.”

ಹೇಳುತ್ತೇನೆ. ಅದನ್ನು ಹೇಳುವುದಕ್ಕೇ ಕೂತಿರುವುದು. ಐದು ಗಂಟೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕ್ಯಾಸೆಟ್ಟು ಕಳಿಸುತ್ತೇನೆ, ಅತ್ತೆ ಮನೆಯ ಟೇಪಿನಲ್ಲಿ ಹಾಕಿ ಕೇಳು. ಆದರೆ ಅದಕ್ಕೆ ಮೊದಲು ನನ್ನ ಹೊಟ್ಟೆಯ ಉರಿ ಸ್ವಲ್ಪ ಹೊರಗೆ ಹಾಕಲು ಬಿಡು.

ಈ ಊರಿನ ಬಾಯಿಗೆ ಏನು ಹೇಳಲಿ ನಾನು? ನೀನು ಮೂರು ವರ್ಷದವಳಿದ್ದಾಗ ಇವೇ ಬಾಯಿಗಳು ನಿನ್ನ ಕೆನ್ನೆ ಹಿಂಡಿ, “ಸ್ವಾಮಿ ಮಗ್ಳು ಬೆಣ್ಣೆ ಉಂಡೆ ಹಂಗವ್ಳೆ” ಅಂತ ದೃಷ್ಟಿ ತೆಗೆದವು. ಹದಿನಾಲ್ಕಾಗುತ್ತಿದ್ದ ಹಾಗೆ ಅದೇ ಕೆನ್ನೆ ನೋಡಿ, “ಯಾವ ಅಕ್ಕಿ ತಿನ್ನಿಸ್ತೀರಾ ಮೀನಾಕ್ಷಮ್ಮ?” ಅಂತ ನಿಮ್ಮಮ್ಮನನ್ನು ಕೇಳಿದವು. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತರೆ, “ನಾಚ್ಕೋಬೇಡ ಕಣಮ್ಮಿ, ಇನ್ನೊಂದು ಹೋಳಿಗೆ ಹಾಕಿಸ್ಕೋ” ಅಂತ ಬಲವಂತ. ಹಾಕಿಸಿಕೊಂಡು ತಿಂದರೆ ಕೈತೊಳೆಯುವ ಜಾಗದಲ್ಲಿ ಕಿಸಿಕಿಸಿ. ಟೈಲರ್ ಒಬ್ಬ ಅಂಗಡಿ ತುಂಬ ಜನ ಇರುವಾಗ, “ಇವ್ರಿಗೆ ಅಳತೆ ಟೇಪಿಗೆ ಇನ್ನೊಂದು ಟೇಪು ಗಂಟು ಹಾಕ್ಬೇಕು” ಅಂದ. ನಾನು ಅಲ್ಲೇ ಇದ್ದೆ. ನಕ್ಕೆ. ಹೌದು, ನಾನೂ ನಕ್ಕೆ ಮಂಜು. ಗಂಡಸರ ನಡುವೆ ನಗದೇ ಇದ್ದರೆ ಚೆನ್ನಾಗಿರುವುದಿಲ್ಲ ಅಂತ.

ಆ ಮೇಷ್ಟರನ್ನಂತೂ ನಾನು ಸಾಯುವವರೆಗೂ ಮರೆಯುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಹಳೇಬೀಡಿಗೆ ಟೂರ್ ಕರೆದುಕೊಂಡು ಹೋಗಿ, ಗುಡಿಯ ಬುಡದಲ್ಲಿ ಸಾಲಾಗಿ ಕೆತ್ತಿರುವ ಆನೆಗಳ ಮುಂದೆ ನಿಲ್ಲಿಸಿ, “ಮಂಜುಳಾ, ಈ ಸಾಲಲ್ಲಿ ಒಂದು ಜಾಗ ಖಾಲಿ ಐತೆ ನೋಡಮ್ಮ” ಅಂದರಂತೆ. ಆಗ ತೆಗೆದ ಫೋಟೋದಲ್ಲಿ ಎಲ್ಲರ ಹಲ್ಲೂ ಕಾಣುತ್ತದೆ, ತಲೆ ತಗ್ಗಿಸಿದ ನಿನ್ನದು ಬೈತಲೆ ಮಾತ್ರ. ಅಲ್ಲಿಂದ ಕೂಗಳತೆಯ ಬಸ್ತಿಹಳ್ಳಿಯಲ್ಲಿ ಹುಟ್ಟಿದವನು ನಾನು. ಆ ಆನೆಗಳನ್ನು ಎಣಿಸುತ್ತಾ ದನ ಕಾದವನು. ಗುಡಿಯ ಅಷ್ಟೂ ಭಾರ ಹೊತ್ತಿರುವುದು ಅವೇ. ಬೇಲೂರಿನ ಕಲ್ಲಿನ ಹೆಣ್ಣುಗಳ ತುಂಬಿದ ಮೈ ನೋಡಿ ‘ಆಹಾ’ ಅನ್ನುವ ಕಣ್ಣುಗಳಿಗೆ ಜೀವ ಇರುವ ಹುಡುಗಿ ಯಾಕೆ ಗೇಲಿಯ ವಸ್ತುವಾಗಬೇಕು? ಆ ದಿನ ನಾನು ಸ್ಕೂಲಿಗೆ ಹೋಗಿ ಕೇಳಬೇಕಿತ್ತು. ಹೋಗಲಿಲ್ಲ. ಬದಲಿಗೆ ನಿನ್ನನ್ನು ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದೆ.

ಪ್ಲಾಟ್‌ಫಾರಂ ಮೇಲಿನ ತೂಕದ ಮಿಷಿನ್ನು. ಚಿಕ್ಕಂದಿನಲ್ಲಿ ಅದು ನಮ್ಮಿಬ್ಬರ ಹಬ್ಬವಾಗಿತ್ತು, ಜ್ಞಾಪಕ ಇದೆಯಾ? ತಿಂಗಳ ಮೊದಲ ಶನಿವಾರ ನೀನು ಹತ್ತಿ ನಿಲ್ಲುತ್ತಿದ್ದೆ, ಕೆಂಪು ಹಸಿರು ಬಲ್ಬು ತಿರುಗುತ್ತಿದ್ದವು, ಟಣ್ ಅಂತ ಚೀಟಿ ಬೀಳುತ್ತಿತ್ತು. ಹಿಂದಿನ ತಿಂಗಳಿಗಿಂತ ತೂಕ ಜಾಸ್ತಿಯಾಗಿದ್ದರೆ ಮಸಾಲೆ ದೋಸೆ. ನನಗೆ ಎಷ್ಟು ಜಂಬ ಗೊತ್ತಾ? ನಮ್ಮವ್ವ ಮುದ್ದಮ್ಮ ಕಂಡವರ ಹಟ್ಟಿಯ ಹೊರಗೆ ನಿಂತು ಮಿಕ್ಕ ಮುದ್ದೆ ಈಸಿಕೊಂಡು ಬರುತ್ತಿದ್ದಳು. ಸಿಗದ ದಿನ ನಾನೂ ಗಿಡ್ಡಮ್ಮನೂ ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದೆವು. ನಾನು ಹೊಟ್ಟೆ ತುಂಬ ಅನ್ನ ಕಂಡಿದ್ದು ಹಾಸ್ಟೆಲ್ಲಿಗೆ ಸೇರಿದ ಮೇಲೆ. ಅವತ್ತೇ ಅಂದುಕೊಂಡಿದ್ದೆ, ನನ್ನ ಮಕ್ಕಳ ಮೂಳೆ ಯಾರಿಗೂ ಕಾಣಕೂಡದು ಅಂತ. ನಿನ್ನ ಮೈ ನನ್ನ ಗೆಲುವಾಗಿತ್ತು ಮಗಳೇ. ನಿನಗೆ ಸಾಕು ಅನ್ನಿಸಿತೋ ಇಲ್ಲವೋ ಅಂತ ಒಂದು ದಿನವೂ ಕೇಳದೆ ತಟ್ಟೆಗೆ ಬಡಿಸಿದೆ.

ಆಮೇಲೆ ಅದೇ ಮಿಷಿನ್ನು, ಅದೇ ಶನಿವಾರ, ಲೆಕ್ಕ ಮಾತ್ರ ತಿರುವುಮುರುವು. ಕಮ್ಮಿಯಾಗಿದ್ದರೆ ಶಭಾಷ್, ಜಾಸ್ತಿಯಾಗಿದ್ದರೆ ದಾರಿಯುದ್ದಕ್ಕೂ ನನ್ನ ಮೌನ. ಮಗು ಯಾವ ಅಪ್ಪನನ್ನು ನಂಬಬೇಕು?

ಧರ್ಮೇಶನ ಸಂಬಂಧ ಬಂದ ಮೇಲೆ ನನಗೆ ಇನ್ನೂ ಹುಚ್ಚು ಹಿಡಿಯಿತು. ಕಡೂರಿನವರು, ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಹುಡುಗಿ ನೋಡಿ ಹೋದ, ತೊಂಬತ್ತೊಂಬತ್ತರ ಡಿಸೆಂಬರಿನ ಆ ಭಾನುವಾರದ ಸಂಜೆ ನಾನು ನಿನಗೆ ಹೇಳಿದೆನಲ್ಲ, “ನಾಲ್ಕು ತಿಂಗಳಲ್ಲಿ ಹನ್ನೆರಡು ಕೆ.ಜಿ. ಇಳಿಸಿದರೆ ಮದುವೆ ಅಂತೆ” ಅಂತ. ನೀನು ಸುಮ್ಮನೆ ತಲೆ ಆಡಿಸಿದೆ. ರಾತ್ರಿ ಊಟ ಬಿಟ್ಟೆ, ಆಮೇಲೆ ಬೆಳಗಿನ ತಿಂಡಿ. ಆ ಭಾನುವಾರದ ವಿಷಯಕ್ಕೆ ಬರುತ್ತೇನೆ, ತಡಿ.

ಸ್ಟೇಷನ್ ಮಿಷಿನ್ನು ಅರ್ಧ ಕೆ.ಜಿ. ಆಚೀಚೆ ಹೇಳುತ್ತದೆ ಅಂತ ನನಗೆ ಅನುಮಾನ. ನಿಖರವಾದ ಲೆಕ್ಕ ಬೇಕು ಅಂತ ನಿನ್ನನ್ನು ಇಲ್ಲಿಗೇ ಕರೆದುಕೊಂಡು ಬಂದೆ, ಕೊಬ್ಬರಿ ಮೂಟೆ ತೂಗುವ ಮಿಷಿನ್ನಿಗೆ. ಎಂಟು ಜನ ಹಮಾಲಿಗಳು ನಿಂತಿದ್ದರು. ನೀನು ಚಪ್ಪಲಿ ಬಿಟ್ಟು, ದುಪಟ್ಟಾ ತೆಗೆದಿಟ್ಟು ಹತ್ತಿದೆ. ಕೆಂಚಯ್ಯ ಎಲ್ಲರಿಗೂ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ತಾನೂ ತಿರುಗಿ ನಿಂತ. ನಿನ್ನನ್ನು ಕಳಿಸಿದ ಮೇಲೆ ನನ್ನ ಹತ್ತಿರ ಬಂದು, “ಸ್ವಾಮಣ್ಣ, ಕೂಸು ಕಣಣ್ಣ ಅದು. ಮೂಟೆ ಅಲ್ಲ” ಅಂದ. ನಾನು ಅವನಿಗೆ, “ನಿನ್ ಕೆಲ್ಸ ನೋಡ್ಲಾ” ಅಂದೆ.

ನಾಲ್ಕು ತಿಂಗಳಿಗೆ ನೀನು ಎಪ್ಪತ್ತೆರಡರಿಂದ ಅರವತ್ತಕ್ಕೆ ಇಳಿದೆ. ನಾನು ಸಿಹಿ ಹಂಚಿದೆ. ನೀನು ಒಂದು ತುಂಡೂ ಮುಟ್ಟಲಿಲ್ಲ, ನಾನು ಅದನ್ನು ಶಿಸ್ತು ಅಂದುಕೊಂಡೆ. ಆಮೇಲೆ ಐವತ್ತೆರಡು, ನಲವತ್ತೇಳು. ಬಾಚಣಿಗೆ ತುಂಬ ಕೂದಲು. ಊಟ ಆದ ಕೂಡಲೇ ಬಚ್ಚಲ ಬಾಗಿಲು ಹಾಕಿಕೊಂಡು ನಲ್ಲಿ ಬಿಡುತ್ತಿದ್ದೆ, ವಾಂತಿಯ ಸದ್ದು ಕೇಳದಿರಲಿ ಅಂತ. ನಿಮ್ಮಮ್ಮನಿಗೆ ಗೊತ್ತಾಗಿತ್ತು. ನನಗೆ ಹೇಳಿದರೆ, “ಎಲ್ಲ ಹುಡ್ಗೀರೂ ಹಂಗೇ ಕಣೇ ಈಗ” ಅಂದೆ. ಕಡೂರಿನವರು ಆಗಸ್ಟಿನಲ್ಲಿ ಬಂದವರು ನಿನ್ನ ಮುಖ ನೋಡಿ ಹೆದರಿ, ಹುಡುಗಿಗೆ ಏನೋ ಕಾಯಿಲೆ ಅಂತ ಎದ್ದು ಹೋದರು. ನೆಂಟರು ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿಸಿ ಅಂದರು. ಹಠ ಅಂದರು, ಪ್ರೀತಿ ಪ್ರೇಮ ಇರಬೇಕು ಅಂದರು. ಹಾಸನದ ಡಾಕ್ಟರಮ್ಮ ಒಬ್ಬರೇ ನಿನ್ನ ರಿಪೋರ್ಟು ನೋಡಿ, “ಇದು ಹಠ ಅಲ್ಲ ಸ್ವಾಮಿಯವರೇ, ಕಾಯಿಲೆ. ಹೊಟ್ಟೆಗೆ ಕೊಡುವ ಔಷಧಿ ಸಾಲದು, ಮನಸ್ಸಿನ ಡಾಕ್ಟರಿಗೂ ತೋರಿಸಬೇಕು. ತಡ ಮಾಡಿದರೆ ಹೃದಯ ತಡೆಯುವುದಿಲ್ಲ” ಅಂದಿದ್ದು. ನಾನು ಅವರ ಮಾತನ್ನು ಅರ್ಧ ಕೇಳಿದೆ. ತೂಕ ಹೆಚ್ಚಿಸಬೇಕು, ಅಷ್ಟೇ ತಾನೇ? ಮತ್ತೆ ನಿನ್ನನ್ನು ಕೊಬ್ಬರಿ ಮಿಷಿನ್ನಿಗೆ ಹತ್ತಿಸಿದೆ.

ನಲವತ್ಮೂರು ಇದ್ದಿದ್ದು ನಲವತ್ತೈದಾಯಿತು. ನನಗೆ ಖುಷಿಯೋ ಖುಷಿ. ಅವತ್ತು ನೀನು ಕೆಳಗೆ ಇಳಿಯುವಾಗ ಸೊಂಟದಿಂದ ದಡಕ್ಕನೆ ಏನೋ ಬಿತ್ತು. ಎರಡು ದಿನದಿಂದ ನಿಮ್ಮಮ್ಮ ಹುಡುಕುತ್ತಿದ್ದ ಶುಂಠಿ ಜಜ್ಜುವ ಗುಂಡುಕಲ್ಲು. ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದೆ.

ಆಗ ನಾನು ಕೂಗಾಡಿದ್ದು ನಿನಗೆ ಗೊತ್ತು. “ನಮ್ಮವ್ವ ಒಂದು ಮುದ್ದೆಗೆ ಕಂಡೋರ ಬಾಗ್ಲಲ್ಲಿ ನಿಂತಿದ್ಲು. ನೀನು ಅನ್ನಾನ ಬಚ್ಚಲಿಗೆ ಕಕ್ತೀಯಾ?” ಅಂದೆ. ಅವ್ವನ ಹಸಿವನ್ನು ತಂದು ನಿನ್ನ ತಲೆಯ ಮೇಲೆ ಹೊಡೆದೆ. ಅವಳಿದ್ದಿದ್ದರೆ ನನ್ನ ಕೆನ್ನೆಗೆ ಬಾರಿಸುತ್ತಿದ್ದಳು. ನೀನು ಅಳಲಿಲ್ಲ. ಕಲ್ಲು ಎತ್ತಿಕೊಂಡು, ಒರೆಸಿ, ನನ್ನ ಕೈಗಿಟ್ಟು ಕೇಳಿದೆ, “ತಿಂದ್ರೂ ತಪ್ಪು, ಬಿಟ್ರೂ ತಪ್ಪು. ನಿಮ್ಗೆ ಎಷ್ಟು ಕೆ.ಜಿ. ಮಗಳು ಬೇಕು ಹೇಳ್ಬಿಡಿ ಅಪ್ಪಾಜಿ.”

ಮಾರನೆಯ ದಿನ ನೀನು ಅತ್ತೆಯ ಮನೆಗೆ ಅಂತ ಮಾದಿಹಳ್ಳಿಯ ಬಸ್ ಹತ್ತಿದೆ.

ಮಂಜು, ನಿನ್ನೆ ಲೋಡ್ ಮುಗಿದ ಮೇಲೆ ನಾನೇ ಆ ಮಿಷಿನ್ನಿನ ಮೇಲೆ ನಿಂತೆ. ಕೆಂಚಯ್ಯನಿಗೆ ಎಲ್ಲರಿಗೂ ಕೇಳುವ ಹಾಗೆ ಓದು ಅಂದೆ. “ತೊಂಬತ್ತೆರಡು! ಸ್ವಾಮಣ್ಣ, ಯಾವೂರಿಗೆ ಬುಕ್ ಮಾಡ್ಲಿ?” ಅಂದ. ಹಮಾಲಿಗಳು ಬಿದ್ದುಬಿದ್ದು ನಕ್ಕರು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಐವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ನನ್ನ ಹೊಟ್ಟೆ ತೋರಿಸಿ ಎಷ್ಟು ಅಂತ ಕೇಳಿರಲಿಲ್ಲ. ಹೆಣ್ಣು ನೋಡಲು ಹೋದಾಗಲೂ ಕೇಳಲಿಲ್ಲ. ನಿಮ್ಮಮ್ಮ ಅವತ್ತು ತಲೆ ಎತ್ತಿಯೂ ನೋಡಿರಲಿಲ್ಲ. ಒಂದು ನಿಮಿಷ ನಿಂತಿದ್ದಕ್ಕೆ ನನಗೆ ಹೀಗಾದರೆ, ಆರು ವರ್ಷ ತಿಂಗಳು ತಿಂಗಳೂ ನಿಂತ ನಿನಗೆ ಏನಾಗಿರಬೇಡ?

ಆಯಿತು, ಈಗ ಆ ಭಾನುವಾರ. ಕಾಫಿ ಕುಡಿದು ಅವರು ಎದ್ದರು. ನೀನು ಒಳಗೆ ಹೋದೆ. ನಾನು ಗೇಟಿನವರೆಗೆ ಬಿಡಲು ಹೋದೆ. ಧರ್ಮೇಶನ ತಾಯಿ ನನ್ನ ಕಡೆ ತಿರುಗಿ… ತಿರುಗಿ ಏನಂದರು ಅಂದರೆ…

ಕೆಂಚಯ್ಯ ಕೂಗುತ್ತಿದ್ದಾನೆ. “ಸ್ವಾಮಣ್ಣೋ, ಬಸ್ ಬಂತು, ಬಿರ್ರನೆ ಬಾ!” ಅಂತ. ನಿನಗೂ ಕೇಳಿಸಿರಬೇಕು. ನಾನು ಹೋಗಬೇಕು ಕಣಮ್ಮ. ನಾಳೆ ತಪ್ಪದೆ ಡಾಕ್ಟರ ಹತ್ತಿರ ಹೋಗು. ಉಳಿದಿದ್ದು ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಬಟನ್ ಒತ್ತುತ್ತಿದ್ದೇನೆ.

ಇಂತಿ, ನಿನ್ನ ಅಪ್ಪಾಜಿ,
ಬಿ. ಜಿ. ಸ್ವಾಮಿ

(ಬಿ ಸೈಡ್)

ಮರೆತಿದ್ದ ಮಾತು. ಅಲ್ಲ, ಮರೆತಿರಲಿಲ್ಲ.

ಬಸ್ಸಿನ ಬಾಗಿಲವರೆಗೂ ಹೋಗಿದ್ದೆ. ಕಂಡಕ್ಟರ್ ಕೈ ಚಾಚಿದ. ಕೊಡಲಾಗಲಿಲ್ಲ. ನೀನು ಕೇಳಿದ್ದು ಒಂದೇ ಮಾತು, ಅದೊಂದನ್ನು ಬಿಟ್ಟು ಊರಿನದೆಲ್ಲ ಹೇಳಿದ್ದೇನೆ. ಬಸ್ ಹೋಯಿತು. ಆರೂವರೆಗೆ ಇನ್ನೊಂದಿದೆ.

ಅವರು ಕೇಳಿರಲಿಲ್ಲ ಮಗಳೇ. ಧರ್ಮೇಶನ ತಾಯಿ ಗೇಟಿನ ಹತ್ತಿರ ನನ್ನ ಕಡೆ ತಿರುಗಿ, “ಹೆಣ್ಣು ನಮ್ಗೆ ಒಪ್ಗೆ ಕಣಣ್ಣ. ಲಕ್ಷಣವಾಗವ್ಳೆ. ದಿನ ಗೊತ್ತು ಮಾಡಿ” ಅಂದರು. ಹುಡುಗ, “ಬಿ.ಎಡ್. ಓದ್ಬೇಕು ಅಂದ್ರೆ ಓದ್ಲಿ ಸಾರ್” ಅಂದ. ಅಷ್ಟರಲ್ಲಿ ಎದುರು ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ನಕ್ಕರು. ಯಾಕೆ ನಕ್ಕರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿನ್ನನ್ನು ನೋಡಿಯೇ ಅಂದುಕೊಂಡೆ. ನನ್ನ ಬಾಯಿಂದ ಬಂತು, “ನಾಲ್ಕು ತಿಂಗ್ಳು ಟೈಮ್ ಕೊಡಿ, ಹನ್ನೆರಡು ಕೆ.ಜಿ. ಇಳಿಸಿ ಕೊಡ್ತೀನಿ.” ಪಾರ್ಸೆಲ್ ಗುಮಾಸ್ತನ ಬಾಯಿ. ಆ ಹುಡುಗ ನನ್ನ ಮುಖ ನೋಡಿ, “ಯಾಕೆ ಸಾರ್?” ಅಂದ. ನಾನು ನಕ್ಕು ಗೇಟು ಹಾಕಿಕೊಂಡೆ.

ನಿನಗೆ ಒಪ್ಪಿಗೆ ಸಿಕ್ಕಿತ್ತು, ಮಂಜು. ಅದನ್ನು ನಿನ್ನಿಂದ ಬಚ್ಚಿಟ್ಟವನು ನಾನು.

ನಾಳೆ ಹಾಸನಕ್ಕೆ ನಿಮ್ಮಮ್ಮ ಬರುತ್ತಾಳೆ. ನಾನು ಬರಬೇಕೋ ಬೇಡವೋ ನೀನು ಹೇಳು. ಬೇಡ ಅಂದರೆ ಬೇಜಾರಿಲ್ಲ. ಮೂರು ಸಲ ಈ ಮಾತಿನವರೆಗೂ ಬಂದು ಅಳಿಸಿದ್ದೇನೆ. ಈ ಮಾತು ಮುಗಿದ ಕೂಡಲೇ ಕ್ಯಾಸೆಟ್ಟಿನ ತೂತುಗಳಿಗೆ ತುರುಕಿದ ಕಾಗದದ ಉಂಡೆಗಳನ್ನು ಕಿತ್ತು ಬಿಸಾಕುತ್ತೇನೆ. ಆಮೇಲೆ ಇದರ ಮೇಲೆ ಬೇರೆ ಮಾತು ಕೂರುವುದಿಲ್ಲ.